ಅಮ್ಮನ ಮದ್ದಿನ ವಿವರ ಮಂಗಳೂರಿನ ಡಾಕ್ಟರಿಗೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಶುಗರ್, ಪ್ರೆಶರ್ ಎರಡೂ ಇದೆ. ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ ತಿಂಗಳು ತಿಂಗಳು ಮದ್ದು ತರುತ್ತೇವೆ, ಅಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತಾರೆ. ಮೊನ್ನೆ ತಲೆ ಸುತ್ತಿ ಬಿದ್ದರು ಅಂತ ಮಂಗಳೂರಿನ ಒಂದು ಆಸ್ಪತ್ರೆಗೆ ಕರಕೊಂಡು ಹೋದೆವು. ಅಲ್ಲಿ ಏನೂ ಕಾಣುವುದಿಲ್ಲವಂತೆ. ರಕ್ತ ಪರೀಕ್ಷೆ ಎಲ್ಲ ಮೊದಲಿಂದ ಮಾಡಿಸಿದರು. ಹಾಗಾದರೆ ಕಂಪ್ಯೂಟರಿಗೆ ಹಾಕಿ ಏನು ಪ್ರಯೋಜನ? ಆಭಾ ಕಾರ್ಡ್ ಮಾಡಿಸಿದರೆ ಸರಿಯಾಗುತ್ತದಾ?
— ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಬರೆಯುವುದು ಕೇರಳ ಸರ್ಕಾರದ ಇ-ಹೆಲ್ತ್ ವ್ಯವಸ್ಥೆಗೆ. ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಅದರದ್ದೇ ಬೇರೆ ಸಾಫ್ಟ್‌ವೇರ್ ಇರುತ್ತದೆ. ಇದು ಅದಕ್ಕೆ ಗೊತ್ತಿಲ್ಲ, ಅದು ಇದಕ್ಕೆ ಗೊತ್ತಿಲ್ಲ. ಇಂಥವುಗಳನ್ನು ಜೋಡಿಸಲಿಕ್ಕೆ ಅಂತಲೇ 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಶುರುವಾಯಿತು. ಆಭಾ ಅಂದರೆ ಅದರಲ್ಲಿ ನಿಮಗೆ ಸಿಗುವ 14 ಅಂಕಿಯ ನಂಬರ್.

ಆದರೆ ಆ ನಂಬರಿನೊಳಗೆ ಅಮ್ಮನ ಕಾಯಿಲೆಯ ವಿವರ ಇರುವುದಿಲ್ಲ. ದಾಖಲೆ ಯಾವ ಆಸ್ಪತ್ರೆಯಲ್ಲಿ ಹುಟ್ಟಿತೋ ಅಲ್ಲೇ ಉಳಿಯುತ್ತದೆ. ನಿಮ್ಮ ಆರೋಗ್ಯ ಕೇಂದ್ರ ಅದನ್ನು ಆಭಾಗೆ ಜೋಡಿಸಿರಬೇಕು, ಮಂಗಳೂರಿನ ಆಸ್ಪತ್ರೆಯೂ ಈ ವ್ಯವಸ್ಥೆಗೆ ಸೇರಿರಬೇಕು, ಮತ್ತೆ ಯಾವ ದಾಖಲೆ, ಎಷ್ಟು ದಿನ ನೋಡಬಹುದು ಅಂತ ಅಮ್ಮ ಮೊಬೈಲಿನಲ್ಲಿ ಒಪ್ಪಿಗೆ ಕೊಡಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಲೂ ಆಗುತ್ತದೆ, ಆ ಭಯ ಬೇಡ.

ಆಭಾ ಮಾಡಿಸಿ, ಖರ್ಚಿಲ್ಲ. ಕಡ್ಡಾಯವೂ ಅಲ್ಲ, ಅದಿಲ್ಲ ಅಂತ ಯಾರೂ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಆದರೆ ಮೊದಲು ಫೋನ್ ನಂಬರ್ ನೋಡಿ. ಆಧಾರ್ ಮೂಲಕ ಮಾಡುವಾಗ ಒಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ಮೊಬೈಲಿಗೆ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಮೊಬೈಲು ಗಲ್ಫಿನಲ್ಲಿರುವ ಮಗನ ಹತ್ತಿರ ಇರುತ್ತದೆ. ಆಭಾಗೆ ಬೇರೆ ನಂಬರ್ ಕೊಡಬಹುದು, ದಿನಾ ಅಮ್ಮನ ಜೊತೆ ಇರುವವರದ್ದು ಕೊಡಿ. ಹೆಸರನ್ನೂ ನೋಡಿಕೊಳ್ಳಿ. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗ್, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಓಪಿ ಚೀಟಿಯಲ್ಲಿ ಮಲಯಾಳಿ ಸಿಬ್ಬಂದಿ ಕೇಳಿ ಬರೆದುಕೊಂಡದ್ದು ಮತ್ತೊಂದು. ಕನ್ನಡದವರ ಮನೆಯಲ್ಲಿ ಇದು ಮಾಮೂಲು ಅಲ್ವಾ? ಹೀಗಾದರೆ ಒಬ್ಬರೇ ಕಂಪ್ಯೂಟರಿನಲ್ಲಿ ಇಬ್ಬರಾಗಿಬಿಡುತ್ತಾರೆ. ಪೆನ್ಸಿಲಿನ್ ಆಗುವುದಿಲ್ಲ ಅಂತ ಒಂದರಲ್ಲಿ ಬರೆದಿರುತ್ತದೆ, ತುರ್ತಿನಲ್ಲಿ ಡಾಕ್ಟರ್ ತೆರೆಯುವುದು ಇನ್ನೊಂದನ್ನು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆಯಾದದ್ದು ಅಮ್ಮ ಬಿದ್ದ ವಿಷಯ. ಕಾರಣ ಏನು ಅಂತ ಪತ್ರ ಓದಿ ಹೇಳಲಿಕ್ಕಾಗುವುದಿಲ್ಲ. ಆದರೆ ಗಡಿ ದಾಟಿ ಎರಡೂ ಕಡೆ ತೋರಿಸುವವರಲ್ಲಿ ಒಂದು ಅಪಾಯ ಇದ್ದೇ ಇರುತ್ತದೆ. ಸರ್ಕಾರಿ ಫಾರ್ಮಸಿಯಲ್ಲಿ ಕೊಡುವ ಪ್ರೆಶರಿನ ಮದ್ದಿಗೆ ಆಮ್ಲೋಡಿಪಿನ್ ಅಂತ ಮೂಲ ಹೆಸರಿರುತ್ತದೆ. ಖಾಸಗಿ ಡಾಕ್ಟರ್ ಅದನ್ನೇ ಯಾವುದೋ ಕಂಪನಿಯ ಹೆಸರಿನಲ್ಲಿ ಬರೆಯುತ್ತಾರೆ. ಗುಳಿಗೆಯ ಬಣ್ಣ ಬೇರೆ, ಹೆಸರು ಬೇರೆ, ಹಾಗಾಗಿ ಮನೆಯಲ್ಲಿ ಎರಡನ್ನೂ ನುಂಗಿಸುತ್ತಾರೆ. ಕಾಲು ಊದುತ್ತದೆ, ಪ್ರೆಶರ್ ಇಳಿದು ತಲೆ ಸುತ್ತುತ್ತದೆ. ಶುಗರಿನ ಗ್ಲಿಮೆಪಿರೈಡ್ ಹೀಗೆ ಎರಡಾದರೆ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪಬಹುದು. ಇವತ್ತೇ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಮಂಗಳೂರಿನ ಡಿಸ್ಚಾರ್ಜ್ ಕಾಗದವನ್ನೂ ಕೊಟ್ಟು, ಅದರಲ್ಲಿರುವ ಮದ್ದನ್ನು ಕಂಪ್ಯೂಟರಿಗೆ ಸೇರಿಸಿ ಅಂತ ಕೇಳಿ.

ಕಾಗದ ಬಿಸಾಡಬೇಡಿ. ಕೊರೊನಾ ಕಾಲದಲ್ಲಿ, 2020ರಲ್ಲಿ, ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಫೈಲು ಆಚೆ, ರೋಗಿ ಈಚೆ. ಈಗಿನ ಮದ್ದು ಮತ್ತು ಪ್ರಮಾಣ, ಆಗಿಬರದ ಮದ್ದು, ಕೊನೆಯ ಎಚ್‌ಬಿಎ1ಸಿ, ಕಿಡ್ನಿಯ ಕ್ರಿಯಾಟಿನಿನ್, ಇಸಿಜಿ, ಇಷ್ಟನ್ನು ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ಎಚ್‌ಬಿಎ1ಸಿ ಹೇಳುವುದು ಸುಮಾರು ಮೂರು ತಿಂಗಳ ಸರಾಸರಿ, ಕಳೆದ ತಿಂಗಳು ಮಾಡಿಸಿದ್ದು ಕೈಯಲ್ಲಿದ್ದರೆ ಮತ್ತೆ ಸುಮ್ನೆ ಮಾಡಿಸಬೇಕಾಗಿಲ್ಲ. ಕ್ರಿಯಾಟಿನಿನ್ ಹಾಗಲ್ಲ. ಬಿದ್ದು ಬಂದವರಿಗೆ ಅದನ್ನು ಹೊಸದಾಗಿ ನೋಡಿದ್ದು ಸರಿಯೇ, ಆ ದುಡ್ಡಿಗೆ ಬೇಸರ ಮಾಡಬೇಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಕೇರಳ ಆರೋಗ್ಯ ಇಲಾಖೆಯ ಶೈಲಿ ಆಪ್‌ಗೆ ಮನೆಯವರ ಆರೋಗ್ಯದ ವಿವರ ತುಂಬಿಸಲು ಮನೆಗೆ ಹೋದರೆ "ಇದನ್ನೆಲ್ಲ ಯಾರು ನೋಡುತ್ತಾರೆ?" ಅಂತ ಹೆಂಗಸರು ಹಿಂಜರಿಯುತ್ತಾರೆ. ಏನು ಹೇಳಲಿ?
— ಮಂಜೇಶ್ವರ

ಉತ್ತರ: ಇದ್ದದ್ದನ್ನು ಹೇಳಿ. ಮೂವತ್ತು ದಾಟಿದವರಲ್ಲಿ ಶುಗರ್, ಪ್ರೆಶರ್, ಕ್ಯಾನ್ಸರಿನ ಲಕ್ಷಣ ಮೊದಲೇ ಗೊತ್ತಾಗಲಿ ಅಂತ ಕೇಳುವುದು, ಆರೋಗ್ಯ ಇಲಾಖೆಯವರು ನೋಡುತ್ತಾರೆ, ನೆರೆಮನೆಗೆ ಹೋಗುವುದಿಲ್ಲ. ಆ ಕೊನೆಯ ಮಾತು ಉಳಿಯುವುದು ನಿಮ್ಮ ಕೈಯಲ್ಲಿದೆ. ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಡಿ, ಫೋನಿಗೆ ಲಾಕ್ ಇರಲಿ. ಎದೆಯ ಗಂಟು, ಬಿಳಿ ಮುಟ್ಟಿನ ವಿಷಯ ಅತ್ತೆ, ಗಂಡನ ಎದುರು ಕೇಳಬೇಡಿ, ಅಡುಗೆ ಮನೆಗೆ ಕರೆದು ಅವರ ಭಾಷೆಯಲ್ಲೇ ಕೇಳಿ, ತುಳುವಾದರೆ ತುಳು. ಉತ್ತರ ಸಿಗಲಿಲ್ಲ ಅಂತ ಊಹಿಸಿ "ಇಲ್ಲ" ಒತ್ತಿದರೆ ಅವರನ್ನು ಪರೀಕ್ಷೆಗೆ ಯಾರೂ ಕರೆಯುವುದಿಲ್ಲ. ಆ ಮನೆ ಬಾಕಿ ಇದೆ ಅಂತ ನಿಮ್ಮ ಜೆಪಿಎಚ್‌ಎನ್ (ಆರೋಗ್ಯ ಕೇಂದ್ರದ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಹತ್ತಿರ ಹೇಳಿ, ಇನ್ನೊಂದು ದಿನ ಅವರನ್ನೂ ಕರಕೊಂಡು ಹೋಗಿ.