ಉತ್ತರ: ಕೆಲಸ ಮುಗಿಸಿ ಬಂದ್ಮೇಲೆ ಯಾರ ಜೊತೆ ಮಾತಾಡೋಕೂ ತ್ರಾಣ ಇರಲ್ಲ ಅಂದ್ರಲ್ಲ, ಅದಕ್ಕೆ

ನಿಮ್ಮ ಪೋಸ್ಟ್ ಬೆಳಿಗ್ಗೆನೇ ಓದಿದ್ದೆ, ಬರೆಯೋಕೆ ಈಗ ಪುರುಸೊತ್ತಾಯ್ತು. ಫುಲ್ ಟೈಮ್ ಕೆಲಸಕ್ಕೆ ಸೇರಿ 8 ತಿಂಗಳಾಯ್ತು, ಮೊದ್ಲು ವಾರಕ್ಕೆ ನಾಲ್ಕು ದಿನ ಶಟಲ್ ಆಡ್ತಿದ್ದೆ ಈಗ ರಾಕೆಟ್ ಮುಟ್ಟೇ ಇಲ್ಲ, ಫ್ರೆಂಡ್ಸ್ ಮೆಸೇಜಿಗೆ ರಿಪ್ಲೈ ಮಾಡೋಕೂ ಬೇಜಾರು, ವೀಕೆಂಡ್ ಮಲಗೇ ಕಳೆದೋಗುತ್ತೆ, ನೀವೆಲ್ಲ ಎಲ್ಲಿಂದ ಎನರ್ಜಿ ತರ್ತೀರಾ ಅಂತ ಕೇಳಿದ್ರಿ. ಮೇಲೆ ಇಬ್ಬರು ಟೈಮ್ ಮ್ಯಾನೇಜ್ಮೆಂಟ್ ಕಲೀರಿ ಅಂದಿದಾರೆ, ಇನ್ನೊಬ್ರು ಬೆಳಿಗ್ಗೆ 5ಕ್ಕೆ ಏಳಿ ಅಂದಿದಾರೆ. ಐದರ ಕಥೆಗೆ ಆಮೇಲೆ ಬರ್ತೀನಿ.

ನಾನು ಕೆಲಸಕ್ಕೆ ಸೇರಿ 11 ವರ್ಷ ಆಯ್ತು, ಮೊದಲ ಎರಡು ವರ್ಷ ಥೇಟ್ ನಿಮ್ಮ ಹಾಗೇ ಇದ್ದೆ. ಒಂದು ದಿನದ ಚಿತ್ರ ಇನ್ನೂ ಕಣ್ಣಲ್ಲಿದೆ. ಮನೆಗೆ ಬಂದೆ, ಬ್ಯಾಗ್ ಇನ್ನೂ ಹೆಗಲಲ್ಲೇ ಇತ್ತು, ಸೋಫಾ ತುದೀಲಿ ಕೂತು ಒಂದು ಶೂ ಬಿಚ್ಚಿದೆ, ಅಷ್ಟರಲ್ಲಿ ಫೋನ್ ಟಿಣ್ ಅಂತು, ಏನು ಅಂತ ನೋಡೋಕೆ ತೆಗೆದೆ. ತಲೆ ಎತ್ತಿದಾಗ 40 ನಿಮಿಷ ಕಳೆದಿತ್ತು, ಇನ್ನೊಂದು ಶೂ ಕಾಲಲ್ಲೇ ಇತ್ತು, ಲೈಟೂ ಹಾಕಿರ್ಲಿಲ್ಲ. 7:30ಕ್ಕೆ ಬರ್ತೀನಿ ಅಂತ ಫ್ರೆಂಡಿಗೆ ಮಾತು ಕೊಟ್ಟಿದ್ದೆ, ಆ ಒಂಟಿ ಶೂನಲ್ಲೇ ಕೂತು "ಇವತ್ತು ತುಂಬಾ ಸುಸ್ತು ಕಣೋ, ನೆಕ್ಸ್ಟ್ ವೀಕ್ ಪಕ್ಕಾ" ಅಂತ ಟೈಪ್ ಮಾಡಿದೆ. ಕಳಿಸಿದ್ಮೇಲೆ ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದ್ರೆ ಅದೇ ಚಾಟಲ್ಲಿ ನಾಲ್ಕು "ನೆಕ್ಸ್ಟ್ ವೀಕ್ ಪಕ್ಕಾ" ಇತ್ತು, ನಾಲ್ಕೂ ನಂದೇ. ಆ 40 ನಿಮಿಷದಲ್ಲಿ ಸುಸ್ತು ಒಂಚೂರಾದ್ರೂ ಇಳೀತಾ ಅಂದ್ರೆ ಇಲ್ಲ, ಇನ್ನೂ ಜಾಸ್ತಿ ಆಗಿತ್ತು.

ಅವತ್ತು ತಲೆಗೆ ಹೋಗಿದ್ದು ಇಷ್ಟೇ. ನಂಗೆ ಭೇಟಿಗೆ ಬೇಕಾದ ಶಕ್ತಿ ಇತ್ತು, ಇಲ್ದೇ ಇದ್ದಿದ್ದು ಸೋಫಾದಿಂದ ಎದ್ದೇಳೋ ಶಕ್ತಿ. ಒಂದ್ಸಲ ಹೊರಗೆ ಬಿದ್ದು ಜನರ ಮಧ್ಯೆ ಕೂತ್ರೆ ಕಾಲು ಗಂಟೆಲಿ ಸರಿ ಹೋಗ್ತಿದ್ದೆ, ನೀವೂ ಗಮನಿಸಿರ್ತೀರಾ. ಅದಕ್ಕೇ ಈಗ ನಂದು ಒಂದೇ ರೂಲ್, ಯಾರನ್ನಾದ್ರೂ ನೋಡೋದಿದ್ರೆ ಅವತ್ತು ಮನೆಗೆ ಹೋಗೋದೇ ಇಲ್ಲ, ಕೆಲಸದ ಜಾಗದಿಂದ ನೇರ ಅಲ್ಲಿಗೆ. ರಾಕೆಟ್ಟು, ಟೀ ಶರ್ಟು, ಸಾಕ್ಸು ಹಿಂದಿನ ರಾತ್ರಿನೇ ಬ್ಯಾಗಿಗೆ, ಬೆಳಿಗ್ಗೆ ಹಾಕ್ಕೊಳ್ತೀನಿ ಅಂದ್ರೆ ಮರೆಯೋದು ಗ್ಯಾರಂಟಿ. ಐದೂವರೆ ಹೊತ್ತಿಗೆ ಹೊಟ್ಟೆಗೇನಾದ್ರೂ ಹಾಕ್ಕೊಳ್ಳಿ, ಅರ್ಧ ಸುಸ್ತು ಅಂದ್ಕೊಳ್ಳೋದು ಬರೀ ಹಸಿವೇ ಆಗಿರುತ್ತೆ. ಹೊರಟ ಮೇಲೆ ಒಂದು ಹತ್ತು ನಿಮಿಷ ಫೋನ್ ಜೇಬಲ್ಲಿಟ್ಟು ಸುಮ್ನೆ ನಡೀರಿ, ತಲೆಯೊಳಗೆ ಮ್ಯಾನೇಜರ್ ಇನ್ನೂ ಮಾತಾಡ್ತಾ ಇರ್ತಾರೆ, ಅವರು ಸುಮ್ನಾಗೋಕೆ ಅಷ್ಟು ಹೊತ್ತು ಬೇಕು.

ಮನೆಯಿಂದಲೇ ಕೆಲಸ ಮಾಡೋರು ಇದು ನಮಗಾಗಲ್ಲ ಅಂತಾರೆ. ಆಗುತ್ತೆ, ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಶೂ ಹಾಕ್ಕೊಂಡು ಬಾಗಿಲು ದಾಟಿ, ಎಲ್ಲಿಗೆ ಅಂತ ಆಮೇಲೆ ಯೋಚನೆ ಮಾಡಿ.

ಒಂದು ವಿಷಯ ಕೇಳ್ಬೇಕಿತ್ತು, ನಿಮ್ದು ಕೂತು ಮಾಡೋ ಕೆಲಸನಾ, ನಿಂತು ಮಾಡೋದಾ? ಪೋಸ್ಟಲ್ಲಿ ಬರೆದಿಲ್ಲ. ಇಡೀ ದಿನ ಕುರ್ಚೀಲಿ ಕೂತೋರಿಗೆ ದಣಿದಿರೋದು ತಲೆ, ಮೈ ಬರೀ ಜಡ್ಡುಗಟ್ಟಿರುತ್ತೆ, ಅವ್ರು ಶಟಲ್ ಕೋರ್ಟಿಗೆ ಬಂದು ಬೆವರು ಸುರಿಸಿದ್ರೆ ಹಗುರಾಗ್ತಾರೆ. ನಿಂತು ಓಡಾಡಿ ದುಡಿಯೋರಿಗೆ ನಿಜಕ್ಕೂ ಕಾಲು ಬಿದ್ದೋಗಿರುತ್ತೆ, ಅವರಿಗೆ ಬಾ ಆಡು ಅನ್ನೋದು ಕ್ರೌರ್ಯ, ಕೂತು ಹರಟೆ ಹೊಡೆಯೋ ಜಾಗ ಬೇಕು ಅಷ್ಟೇ. ಇನ್ನು ಬೆಳಿಗ್ಗೆಯಿಂದ ಕಸ್ಟಮರ್ ಜೊತೆ ಮಾತಾಡಿ ಬಾಯಿ ಒಣಗಿಸಿಕೊಂಡೋರಿಗೆ ಹರಟೆನೂ ಭಾರ, ಅಂಥೋರಿಗೆ ಜೊತೇಲಿದ್ದೂ ಜಾಸ್ತಿ ಮಾತಾಡದೇ ಇರಬಹುದಾದ ಹವ್ಯಾಸಗಳು ಚೆನ್ನ. ಚೆಸ್ಸು, ಸ್ಕೆಚಿಂಗು, ಜೊತೆಯಾಗಿ ಓಡೋದು, ಇಂಥದ್ದು. ನಿಮ್ಮದು ಯಾವುದು ನೋಡ್ಕೊಂಡು ಅದಕ್ಕೆ ತಕ್ಕ ಭೇಟಿ ಇಟ್ಕೊಳ್ಳಿ.

ಇನ್ನೊಂದು, "ಸಿಗೋಣ ಕಣೇ, ಯಾವಾಗ ಫ್ರೀ ಹೇಳು" ಅನ್ನೋ ಮೆಸೇಜ್ ಇದ್ಯಲ್ಲ, ಅದು ಫ್ರೆಂಡ್‌ಶಿಪ್ಪಿನ ಪ್ರಾಣ ತೆಗೆಯುತ್ತೆ. ಐದು ಜನ, ಐದು ಕ್ಯಾಲೆಂಡರು, ಮೂವತ್ತು ಮೆಸೇಜು, ಕೊನೆಗೆ ಯಾರೂ ಸಿಗಲ್ಲ, ಆ ಪ್ಲಾನಿಂಗಲ್ಲೇ ಇದ್ದ ತ್ರಾಣ ಎಲ್ಲ ಖಾಲಿ. ವಾರದಲ್ಲಿ ಒಂದು ದಿನ, ಒಂದು ಟೈಮ್, ಒಂದು ಜಾಗ ಫಿಕ್ಸ್ ಮಾಡಿಬಿಡಿ, ಬರೋರು ಬರ್ಲಿ ಬಿಡೋರು ಬಿಡ್ಲಿ, ಕೇಳೋದೂ ಬೇಡ ಹೇಳೋದೂ ಬೇಡ. ಅಮೆರಿಕದ ಜೆಫ್ರಿ ಹಾಲ್ ಅನ್ನೋ ಪ್ರೊಫೆಸರ್ 2018ರಲ್ಲಿ ಒಂದು ಲೆಕ್ಕ ಕೊಟ್ರು, ಬರೀ ಪರಿಚಯದೋರು ಒಂದು ಮಟ್ಟಿಗೆ ಫ್ರೆಂಡ್ ಆಗೋಕೆ ಜೊತೇಲಿ ಸುಮಾರು 50 ಗಂಟೆ ಕಳೀಬೇಕು, ಫ್ರೆಂಡ್ ಅಂತ ಗಟ್ಟಿಯಾಗಿ ಹೇಳ್ಕೊಳ್ಳೋಕೆ 90, ಆಪ್ತರಾಗೋಕೆ 200 ಗಂಟೆ ಮೇಲೆ. ಕೇಳಿದ್ರೆ ಎದೆ ಧಸಕ್ಕನ್ನುತ್ತೆ, ಆದ್ರೆ ವಾರಕ್ಕೆ ಬರೀ ಎರಡು ಗಂಟೆ ಸಿಕ್ಕಿದ್ರೂ 50 ಗಂಟೆ ಆರು ತಿಂಗಳಲ್ಲಿ ಮುಗಿಯುತ್ತೆ. ನನಗೆ ಈ ಗುಂಪಲ್ಲಿ ಸಿಕ್ಕ ಇಬ್ಬರು ಹಾಗೇ ಬುಧವಾರ ಬುಧವಾರ ಸಿಕ್ಕಿ ಸಿಕ್ಕಿ ಆಗಿದ್ದು, ಒಂದು ದಿನವೂ ಪ್ಲಾನ್ ಮಾಡಿ ಫ್ರೆಂಡ್ ಆದವರಲ್ಲ.

ಬರುವಾಗಲೇ ಹೊರಡೋ ಟೈಮ್ ಹೇಳಿಬಿಡಿ, "8ಕ್ಕೆ ನಾನು ಎದ್ದೆ" ಅಂತ. ಎಷ್ಟೊತ್ತಾಗುತ್ತೋ ಅನ್ನೋ ಭಯಕ್ಕೇ ಅರ್ಧ ಜನ ಬರಲ್ಲ. ಮತ್ತೆ ಎಲ್ಲರನ್ನೂ ಉಳಿಸಿಕೊಳ್ಳೋಕೆ ಹೋಗ್ಬೇಡಿ, ಕಾಲೇಜಿನ ಬ್ಯಾಚು, ಹಳೇ ಆಫೀಸು, ಕಸಿನ್ಸು ಎಲ್ಲ ಸೇರಿಸಿದ್ರೆ ಯಾರಿಗೂ ಆಗಲ್ಲ. ನಾಲ್ಕೈದು ಹೆಸರು ಸಾಕು. ಮಿಕ್ಕವರಿಗೆ ಬಟ್ಟೆ ಮಡಚುವಾಗ ಫೋನ್ ಮಾಡಿ, ನಾನು ಭಾನುವಾರ ಸ್ಪೀಕರ್‌ಗೆ ಹಾಕಿ ಒಂದು ರಾಶಿ ಬಟ್ಟೆ ಮುಗಿಯೋವರೆಗೆ ಮಾತಾಡ್ತೀನಿ, ಕೊನೇ ಸಾಕ್ಸಿಗೆ ಜೋಡಿ ಸಿಕ್ತು ಅಂದ್ರೆ ಇಡ್ತೀನಪ್ಪಾ ಅಂತ ಇಟ್ಬಿಡ್ತೀನಿ. ತುಂಬಾ ದಿನ ಆಯ್ತು ಈಗ ಹೇಗೆ ಮಾಡೋದು ಅಂತ ಮುಜುಗರ ಬೇಡ. ಅದರ ಬಗ್ಗೆನೂ 2022ರಲ್ಲಿ ಒಂದು ಸ್ಟಡಿ ಬಂದಿತ್ತು, ಹೀಗೆ ಸುಮ್ನೆ ವಿಚಾರಿಸಿದ್ರೆ ಆ ಕಡೆಯವರಿಗೆ ಎಷ್ಟು ಖುಷಿಯಾಗುತ್ತೆ ಅಂತ ನಾವು ಅಂದ್ಕೊಳ್ತೀವೋ ಅದಕ್ಕಿಂತ ಜಾಸ್ತಿನೇ ಆಗುತ್ತಂತೆ.

ಈಗ ನಿದ್ದೆ, ಅಂದ್ರೆ ಆ 5 ಗಂಟೆ ಸಲಹೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ನೀವು ಮಲಗೋದು 12ಕ್ಕೆ ಅಂತ ಬರೆದಿದ್ದೀರಾ, 5ಕ್ಕೆ ಎದ್ರೆ ಐದೇ ಗಂಟೆ, ಸಂಜೆ ಹೊತ್ತಿಗೆ ಹೆಣ ಆಗಿರ್ತೀರಾ, ಇನ್ನೆಲ್ಲಿಯ ಫ್ರೆಂಡ್ಸು. ಆ ಸಲಹೆ ರಾತ್ರಿ 9:30ಕ್ಕೆ ಮಲಗೋರಿಗೆ. ಶನಿವಾರ ಮಧ್ಯಾಹ್ನದ ತನಕ ಮಲಗೋದೂ ಉಲ್ಟಾ ಹೊಡೆಯುತ್ತೆ, ಮೈಯೊಳಗಿನ ಗಡಿಯಾರ ತಡವಾಗಿ ಓಡೋಕೆ ಶುರುವಾಗಿ ಭಾನುವಾರ ರಾತ್ರಿ ಬೇಗ ಕಣ್ಣು ಮುಚ್ಚಲ್ಲ, ಸೋಮವಾರ ಬೇರೆ ದೇಶದಿಂದ ವಿಮಾನದಲ್ಲಿ ಇಳಿದ ಹಾಗಿರುತ್ತೆ. ಅದಕ್ಕೆ ಸೋಶಿಯಲ್ ಜೆಟ್‌ಲ್ಯಾಗ್ ಅಂತ ಹೆಸರೇ ಇದೆ. ಒಂದು ಗಂಟೆ ಜಾಸ್ತಿ ಮಲಗಿ, ಸಾಲದಿದ್ರೆ ಮಧ್ಯಾಹ್ನ 20 ನಿಮಿಷ. ಸಂಜೆ ಕಾಫಿನೂ ಬಿಡಿ, ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು, 6ಕ್ಕೆ ಕುಡಿದಿದ್ದು 11ಕ್ಕೆ ಇನ್ನೂ ಅರ್ಧ ಒಳಗೇ ಇರುತ್ತೆ.

ಇಷ್ಟೆಲ್ಲ ಮಾಡಿ, ಚೆನ್ನಾಗಿ ನಿದ್ದೆನೂ ಆಗಿ, ಎರಡು ಮೂರು ವಾರ ಆದ್ರೂ ಹಾಗೇ ಇದ್ರೆ ಡಾಕ್ಟರ್ ಹತ್ರ ಹೋಗಿ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡೋಕೆ ಹೇಳಿ. ಜೋರಾಗಿ ಗೊರಕೆ ಹೊಡೀತೀರಾ ಅಂತ ಮನೇಲಿ ಹೇಳ್ತಿದ್ರೆ ಅದನ್ನೂ ಹೇಳಿ. ನಂಗೆ ಒಂದು ವರ್ಷ ಹಿಮೋಗ್ಲೋಬಿನ್ ಕಮ್ಮಿ ಇತ್ತು, ಅದು ಗೊತ್ತಾಗೋವರೆಗೆ ಆರು ತಿಂಗಳು ಸೋಂಬೇರಿ ಸೋಂಬೇರಿ ಅಂತ ನನ್ನನ್ನೇ ಬೈಕೊಂಡೆ. ರಜೆ ದಿನ, ನಿದ್ದೆ ಆಗಿದ್ರೂ, ಇಷ್ಟದ ಕೆಲಸವೂ ಬೇಡ ಅನ್ಸುತ್ತೆ ಅಂದ್ರೆ ಅದು ಬರೀ ಸುಸ್ತಲ್ಲದೇ ಇರಬಹುದು, ಅದನ್ನೂ ಮುಚ್ಚಿಡದೆ ಹೇಳಿ.

ಕೆಲಸ, ಓಡಾಟ ಎಲ್ಲ ಸೇರಿ ದಿನಕ್ಕೆ 12, 13 ಗಂಟೆ ಹೋಗ್ತಿದೆ ಅಂದ್ರೆ ಮಾತ್ರ ನಾನು ಬರೆದಿದ್ದು ಯಾವುದೂ ಜಾಸ್ತಿ ಉಪಯೋಗಕ್ಕೆ ಬರಲ್ಲ, ಆಗ ಬದಲಾಗಬೇಕಾದ್ದು ಕೆಲಸನೇ, ನೀವಲ್ಲ.

ಈ ಬುಧವಾರ 7ಕ್ಕೆ ನಾನು ಕೋರ್ಟಲ್ಲಿರ್ತೀನಿ. ಆಡ್ಲೇಬೇಕು ಅಂತಿಲ್ಲ, ಬೆಂಚ್ ಮೇಲೆ ಕೂತು ಸ್ಕೋರ್ ಹೇಳಿ ಸಾಕು, ನಮ್ಮವರು ಯಾವಾಗ್ಲೂ ಎರಡು ಪಾಯಿಂಟ್ ಕದೀತಾರೆ. ಮನೆಗೆ ಹೋಗಿ ಬರ್ತೀನಿ ಅಂತ ಮಾತ್ರ ಹೇಳ್ಬೇಡಿ.