ಇಷ್ಟು ಮಳೆ ಬೀಳುವ ಕಡೆ ಕಾಡಿಗೆ ಬೆಂಕಿ ಹೇಗೆ ಬೀಳುತ್ತದೆ?

ಹುಲಿಕಲ್ ಘಾಟಿಯಂಥ ಕಡೆಯೂ ಕಾಡು ಉರಿಯುತ್ತದಾ ಎಂದು ಕೇಳಿದ್ದೀರಿ. ಉರಿಯುತ್ತದೆ. ನಮ್ಮದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಗಡಿ, ಘಾಟಿ ಇಳಿದರೆ ಉಡುಪಿ ಜಿಲ್ಲೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ನಮ್ಮಲ್ಲೂ ಕಡಿಮೆಯೇನಲ್ಲ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬ್ಯಾಣದ, ಅಂದರೆ ದನ ಮೇಯುವ ಹುಲ್ಲುಗಾವಲಿನ, ಹುಲ್ಲನ್ನು ಎತ್ತರಕ್ಕೆ ಬೆಳೆಸುವುದೂ ಆ ಮಳೆಯೇ. ಜನವರಿಗೆ ಆ ಹುಲ್ಲು ಒಣಗಿ ಕರಡವಾಗುತ್ತದೆ. ಮಾರ್ಚ್‌ನಲ್ಲಿ ಬೆಟ್ಟಕ್ಕೆ ಕಾಲಿಟ್ಟರೆ ದರಕು, ಅಂದರೆ ಉದುರಿದ ಒಣ ಎಲೆ, ಚರಚರ ಅನ್ನುತ್ತದೆ. ಒಂದೆರಡು ಒಳ್ಳೆ ಮಳೆ ಬೀಳುವ ತನಕ ನಮಗೆ ನೆಮ್ಮದಿ ಇಲ್ಲ.

ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ದನಗಳಿಗೆ ಹೊಸ ಹುಲ್ಲು ಬರಲಿ ಎಂದು ಬ್ಯಾಣಕ್ಕೆ ಹಚ್ಚುವವರಿದ್ದಾರೆ. ಜೇನು ಕೀಳಲು ಹೊಗೆ ಹಾಕಿ ಹಾಗೇ ಬಿಟ್ಟು ಬರುವವರಿದ್ದಾರೆ. ಬೀಡಿ ತುಂಡು, ತೋಟದ ಅಂಚಿನ ಕಸ ಸುಡುವುದು, ಎಲ್ಲ ಇದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಹಚ್ಚುವವರು ನಮ್ಮವರೇ, ಆರಿಸಲು ಓಡುವವರೂ ನಮ್ಮವರೇ.

ಹೊರಗಿನವರಿಗೆ ಗೊತ್ತಾಗದ ಒಂದು ಸಂಗತಿ ಇದೆ. ಅಡಿಕೆ ತೋಟದವರು ಹಿಂದೆ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಕನ್ನೆಲ್ಲ ಗುಡಿಸಿ ತರುತ್ತಿದ್ದರು. ಕೊಟ್ಟಿಗೆಗೆ ಹಾಸುವುದು, ಆಮೇಲೆ ಗೊಬ್ಬರ ಮಾಡುವುದು. ಬೆಂಕಿ ತಡೆಯಲು ಅಂತ ಯಾರೂ ಮಾಡಿದ್ದಲ್ಲ, ಆದರೆ ನೆಲದ ಮೇಲೆ ಉರಿಯಲು ಏನೂ ಉಳಿಯುತ್ತಿರಲಿಲ್ಲ. ಈಗ ದನ ಕಡಿಮೆ, ಆಳು ಸಿಗುವುದಿಲ್ಲ. ಜೊತೆಗೆ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಅದನ್ನು ಹರಡುವ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ದರಕಿನಲ್ಲೇ ಇರುತ್ತದೆ, ಜೋರಾಗುವುದೂ ಇದೇ ತಿಂಗಳುಗಳಲ್ಲಿ. ಮಂಗ ಸತ್ತ ಕಡೆ ದರಕು ತರಬೇಡಿ ಎನ್ನುತ್ತಾರೆ, ಸರಿಯಾದ ಮಾತೇ. ಹಾಗಾಗಿ ಎಲೆ ಅಲ್ಲೇ ಉಳಿಯುತ್ತದೆ. ಅಕೇಶಿಯಾ ನೆಟ್ಟ ಕಡೆ ಇನ್ನೂ ಕಷ್ಟ, ಅದರ ಎಲೆ ಬೇಗ ಕೊಳೆಯುವುದೂ ಇಲ್ಲ.

ಕಾನು ಅಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು, ಅದರ ಕಥೆ ಬೇರೆ. ಅಲ್ಲಿ ನೆರಳು, ನೆಲದಲ್ಲಿ ತಂಪು. ಬೆಂಕಿ ಹೆಚ್ಚಾಗಿ ಅಂಚಿನವರೆಗೆ ಬಂದು ನಿಲ್ಲುತ್ತದೆ. ಆದರೆ ಅಂಚಿನ ಎಳೆ ಗಿಡಗಳು ಸಾಯುತ್ತವೆ, ಆ ಜಾಗಕ್ಕೆ ಹುಲ್ಲು ಬರುತ್ತದೆ, ಮುಂದಿನ ಸಲ ಬೆಂಕಿ ಅಷ್ಟು ಒಳಗೆ ಹೋಗುತ್ತದೆ. ದೊಡ್ಡ ಮರ ಹಸಿರಾಗಿ ನಿಂತಿರುವುದರಿಂದ ದೂರದಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಬುಡದಲ್ಲಿ ಒಂದು ಸಸಿಯೂ ಇರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದನ್ನು ನೋಡಿದಾಗ.

ನೀರು ಹಾಕಿ ಆರಿಸುವುದಿಲ್ಲವಾ ಎಂದೂ ಕೇಳಿದ್ದೀರಿ. ಗುಡ್ಡದ ಮೇಲೆ ಅಗ್ನಿಶಾಮಕದ ಗಾಡಿ ಹತ್ತುವುದಿಲ್ಲ. ನಿಜವಾದ ಕೆಲಸ ಬೇಸಿಗೆಗೆ ಮೊದಲೇ ಆಗಬೇಕು. ಹುಲ್ಲು, ಎಲೆ ತೆಗೆದು ಬೋಳು ಪಟ್ಟಿ ಮಾಡುತ್ತಾರೆ, ಅದೇ ಬೆಂಕಿ ರೇಖೆ. ಬೆಂಕಿ ಬಿದ್ದ ಮೇಲೆ ಕೈಗೆ ಸಿಗುವುದು ಹಸಿ ಸೊಪ್ಪಿನ ಟೊಂಗೆ, ಕತ್ತಿ, ಕೆಲವು ಕಡೆ ಅರಣ್ಯ ಇಲಾಖೆಯವರು ತರುವ ಎಲೆ ಹಾರಿಸುವ ಬ್ಲೋವರ್. ಬೆಂಕಿಯ ಪಕ್ಕದಿಂದ ಬಡಿಯುತ್ತಾ ಬರಬೇಕು, ಅದರ ಮೇಲ್ಗಡೆ ಇಳಿಜಾರಿನಲ್ಲಿ ನಿಲ್ಲಲೇಬಾರದು. ಉರಿ ಮೇಲಿನ ಹುಲ್ಲನ್ನು ಕಾಯಿಸುತ್ತಾ ಹೋಗುವುದರಿಂದ ಗುಡ್ಡ ಏರುವಾಗ ಅದರ ವೇಗಕ್ಕೆ ಮನುಷ್ಯ ಸಾಟಿಯಲ್ಲ. ಸಿಕ್ಕಿಕೊಂಡರೆ ಆಗಲೇ ಸುಟ್ಟು ಆರಿದ ಕಪ್ಪು ನೆಲವೇ ಸುರಕ್ಷಿತ. ಇಲಾಖೆಗಾಗಿ ಕಾಡು ಕಾಯುವ ವಾಚರ್‌ಗಳಲ್ಲಿ ತುಂಬಾ ಜನ ಊರಿನ ಬಡ ಹುಡುಗರು. ಅವರಿಗೆ ಒಳ್ಳೆಯ ಬೂಟು, ಕುಡಿಯುವ ನೀರು, ವಿಮೆ ಸಿಗಲೇಬೇಕು.

ಕೊಡಚಾದ್ರಿಗೆ ಬರುವ ಯೋಚನೆ ಇದೆಯಲ್ವಾ? ಬನ್ನಿ. ಫೆಬ್ರವರಿ ಆದ ಮೇಲೆ ಬಂದರೆ ಮೇಲೆ ಒಲೆ, ಕ್ಯಾಂಪ್‌ಫೈರ್, ಸಿಗರೇಟು ಯಾವುದೂ ಬೇಡ. ಊಟ ಕೆಳಗಿನ ಮನೆಗಳಲ್ಲಿ ಹೇಳಿಟ್ಟರೆ ಮಾಡಿಕೊಡುತ್ತಾರೆ. ಹೊಗೆ ಕಂಡರೆ ಮೊದಲು ಹತ್ತಿರದ ಮನೆಯವರಿಗೆ ಕೂಗಿ ಹೇಳಿ, ಆಮೇಲೆ 112ಕ್ಕೆ ಫೋನ್ ಮಾಡಿ. ಸುಮ್ನೆ ಕಾಡಿಗೆ ಬೆಂಕಿ ಬಿದ್ದಿದೆ ಅಂದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಯಾವ ಊರಿನ ಹತ್ತಿರ, ಗುಡ್ಡದ ಯಾವ ಮಗ್ಗುಲು, ಗಾಳಿ ಯಾವ ಕಡೆಗೆ, ಇಷ್ಟು ಹೇಳಿ.