ಕಾಳಗ ನಡೆದ ನೆಲ ಯಾವುದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಪ್ರತಿವರ್ಷ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುತ್ತೇವೆ. ದರಿಯಾ ದೌಲತ್, ಗುಂಬಜ್, ಟಿಪ್ಪುವಿನ ದೇಹ ಸಿಕ್ಕ ಜಾಗದ ಕಲ್ಲು, ಇಷ್ಟನ್ನು ನೋಡಿ ಬಸ್ಸು ಹತ್ತುತ್ತೇವೆ. ಈ ಸಲ ಒಬ್ಬ ಹುಡುಗಿ “ಯುದ್ಧ ನಡೆದದ್ದು ಎಲ್ಲಿ ಮಿಸ್?” ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅಂತರ್ಜಾಲದ ನೆರವಿನಿಂದ ಇದನ್ನು ಕಂಡುಕೊಳ್ಳಬಹುದೇ?

ಉತ್ತರ: ಶ್ರೀರಂಗಪಟ್ಟಣವನ್ನು ಹತ್ತಾರು ಸಲ ನೋಡಿ ಬಂದ ಹಿರಿಯರಲ್ಲೂ ಬಹಳ ಮಂದಿ ಕೇಳದ ಪ್ರಶ್ನೆಯನ್ನು ಆ ಹುಡುಗಿ ಕೇಳಿದ್ದಾಳೆ. ನಾವು ಕಟ್ಟಡಗಳನ್ನು ಕಾಪಾಡಿಕೊಂಡು ಬಂದಿದ್ದೇವೆಯೇ ಹೊರತು ಕಾಳಗ ನಡೆದ ನೆಲವನ್ನು ಗುರುತಿಸಿ ಇಟ್ಟುಕೊಂಡಿಲ್ಲ. 1799ರ ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಡೇವಿಡ್ ಬೇರ್ಡ್ ಮುನ್ನಡೆಸಿದ ಬ್ರಿಟಿಷ್ ದಂಡು ಕಾವೇರಿಯ ಬಂಡೆಗಲ್ಲುಗಳ ಪಾತ್ರವನ್ನು ದಾಟಿ, ಕೋಟೆಯ ವಾಯವ್ಯ ಮೂಲೆಯ ಬಳಿ ಫಿರಂಗಿಗಳು ಒಡೆದಿದ್ದ ಗೋಡೆಯನ್ನು ಏರಿತು. ಅಲ್ಲಿಂದ ಎರಡಾಗಿ ಬೇರ್ಪಟ್ಟು, ಒಂದು ತುಕಡಿ ಉತ್ತರದ ಗೋಡೆಯ ಮೇಲೂ ಇನ್ನೊಂದು ದಕ್ಷಿಣದ ಗೋಡೆಯ ಮೇಲೂ ನುಗ್ಗಿತು. ಆ ಮೂಲೆಯಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಮುಂದಿನ ಸಲ ಮಕ್ಕಳನ್ನು ಮೊದಲು ಅಲ್ಲಿಗೆ ಕರೆದೊಯ್ದು, ಸ್ತಂಭಕ್ಕೆ ಬೆನ್ನು ಮಾಡಿ ನಿಂತು ಕೆಳಗಿನ ಹೊಳೆಯನ್ನು ನೋಡಲು ಹೇಳಿ. ಒಂದು ಮಾತನ್ನು ಮಾತ್ರ ತಿಳಿಸಿರಬೇಕು: ಆಗ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇರಲಿಲ್ಲ. ಮೇ ತಿಂಗಳಲ್ಲಿ ಹೊಳೆ ಬತ್ತಿ ಬಂಡೆಗಳು ಎದ್ದು ಕಾಣುತ್ತಿದ್ದವು, ಮುಂಗಾರು ಬಿದ್ದರೆ ದಾಟುವುದೇ ಆಗುತ್ತಿರಲಿಲ್ಲ. ಮುತ್ತಿಗೆ ಹಾಕಿದವರ ಆತುರಕ್ಕೂ ಒಳಗಿದ್ದವರ ನಿರೀಕ್ಷೆಗೂ ಈ ನೀರಿನ ಲೆಕ್ಕವೇ ಕಾರಣವಾಗಿತ್ತು.

ಇನ್ನು ಅಂತರ್ಜಾಲದ ಮಾತು. ಈ ದಂಡಿನೊಡನೆ ಸರ್ವೇಯರ್ ಜನರಲ್ ಆಗಿ ಬಂದಿದ್ದ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿನ ಮುತ್ತಿಗೆಯ ನಕ್ಷೆಯನ್ನು ಚಿತ್ರವಾಗಿ ಉಳಿಸಿಕೊಂಡು, ಗೂಗಲ್ ಅರ್ಥ್‌ನಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಪದರವಾಗಿ ಹಾಸಿ, ಅರೆಪಾರದರ್ಶಕವಾಗಿಸಿ. ಆಗಲೂ ಈಗಲೂ ಕದಲದೆ ಇರುವ ಗುರುತುಗಳನ್ನು, ಎಂದರೆ ರಂಗನಾಥಸ್ವಾಮಿ ದೇವಾಲಯದ ಗೋಪುರ, ಜುಮ್ಮಾ ಮಸೀದಿಯ ಮಿನಾರುಗಳು, ಕೋಟೆಯ ವಾಯವ್ಯ ಮೂಲೆ ಇವನ್ನು ಒಂದಕ್ಕೊಂದು ಕೂಡಿಸಿದರೆ ಉಳಿದದ್ದು ಹೆಚ್ಚುಕಡಿಮೆ ತಾನಾಗಿ ಕೂಡಿಕೊಳ್ಳುತ್ತದೆ. ಹಳೆಯ ನಕ್ಷೆಯ ಅಳತೆ ಗಜಗಳಲ್ಲಿರುತ್ತದೆ, ಒಂದು ಗಜವೆಂದರೆ 0.91 ಮೀಟರ್. ಹೀಗೆ ಮಾಡಿದಾಗ ಫಿರಂಗಿಗಳನ್ನು ಹೂಡಿದ್ದ ಜಾಗಗಳು ಇಂದಿನ ಯಾವ ಗದ್ದೆಯಲ್ಲಿ, ಯಾವ ರಸ್ತೆಯ ಪಕ್ಕದಲ್ಲಿ ಬೀಳುತ್ತವೆ ಎಂಬುದು ಮಕ್ಕಳ ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. 1799ರ ಏಪ್ರಿಲ್ 5ರ ರಾತ್ರಿ ಕೋಟೆಯ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಕತ್ತಲೆಯಲ್ಲಿ ದಾರಿ ತಪ್ಪಿ ಹಿಮ್ಮೆಟ್ಟಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ. ವಾಟರ್ಲೂವಿನ ಹೊಲಗಳನ್ನು ಬೆಲ್ಜಿಯಂ 1914ರಲ್ಲಿಯೇ ಕಾನೂನು ಮಾಡಿ ಕಾಪಾಡಿಕೊಂಡಿತು. ಸುಲ್ತಾನ್‌ಪೇಟೆ ತೋಪು ಎಲ್ಲಿತ್ತೆಂದು ಕೇಳಿದರೆ ನಮ್ಮಲ್ಲಿ ತೋರಿಸುವವರು ಕಡಿಮೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಬೀಟ್ಸನ್ನನದು ಗೆದ್ದವರ ಬರಹ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಅದರ ಜೊತೆಗೆ ಟಿಪ್ಪುವಿನ ಆಸ್ಥಾನವನ್ನು ಬಲ್ಲ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪಾರಸಿ ಚರಿತ್ರೆಯ ಇಂಗ್ಲಿಷ್ ಅನುವಾದವನ್ನೂ ಓದಿ. ದರಿಯಾ ದೌಲತ್‌ನ ಪಶ್ಚಿಮ ಗೋಡೆಯನ್ನಂತೂ ಅವಸರದಲ್ಲಿ ದಾಟಬೇಡಿ. ಅಲ್ಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಗೆದ್ದ ಕಾಳಗ: ಚೌಕವಾಗಿ ಒತ್ತೊತ್ತಾಗಿ ನಿಂತ ಕೆಂಪಂಗಿಯ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಬ್ರಿಟಿಷ್ ದಂಡನಾಯಕ ಕರ್ನಲ್ ಬೈಲಿ, ಅವರ ನಡುವೆಯೇ ಸಿಡಿಯುತ್ತಿರುವ ಮದ್ದಿನ ಬಂಡಿ. ಹಲವು ಸಲ ಮರುಬಣ್ಣ ಕಂಡಿದ್ದರೂ ಅದು ಮೈಸೂರಿನವರ ಕಣ್ಣಿನಿಂದ ಕಂಡ ಯುದ್ಧ.

ನೆಲ ಏಕೆ ಉಳಿಯುವುದಿಲ್ಲ ಎಂದರೆ, 1958ರ ಸ್ಮಾರಕ ಸಂರಕ್ಷಣಾ ಕಾಯಿದೆ ಮುಖ್ಯವಾಗಿ ಕಟ್ಟಡ, ಶಾಸನ, ಗುಹೆ, ಅವಶೇಷಗಳನ್ನು ನೋಡುತ್ತದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟಡ ಕಟ್ಟುವುದು ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಮೇಲೆ ಏನೂ ಉಳಿಯದ ಹೊಲಕ್ಕೆ ಇದರಿಂದ ರಕ್ಷಣೆ ಸಿಗುವುದು ಕಷ್ಟ. ಇಂಗ್ಲೆಂಡಿನಲ್ಲಿ 1995ರಿಂದ ರಣಭೂಮಿಗಳದೇ ಪ್ರತ್ಯೇಕ ದಾಖಲೆಪಟ್ಟಿ ಇದೆ. ನಮ್ಮಲ್ಲಿ 2017ರಲ್ಲಿ ಜೋಡಿ ರೈಲುಹಳಿಗಾಗಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆಗೆ ಕೂರಿಸಲಾಯಿತು. ಕಟ್ಟಡ ಉಳಿಯಿತು, ಅದಕ್ಕೆ ಸಂತೋಷಪಡೋಣ. ಆದರೆ ಮದ್ದಿನ ಮನೆ ಎಲ್ಲಿತ್ತು ಎಂಬುದೂ ಚರಿತ್ರೆಯೇ ಆದ್ದರಿಂದ, ಹಳೆಯ ಜಾಗವನ್ನು ನಿಮ್ಮ ಮಕ್ಕಳ ನಕ್ಷೆಯಲ್ಲಾದರೂ ಗುರುತಿಸಿಡಿ.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ತೋಟದಲ್ಲಿ ಗುಂಡಿ ತೆಗೆಯುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಯೊಂದು ಸಿಕ್ಕಿದೆ. ಚೊಕ್ಕಟ ಮಾಡಿ ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ದಯವಿಟ್ಟು ಉಜ್ಜಬೇಡಿ, ಬಡಿಯಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ. ನಿಮ್ಮದೇ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಮೈಸೂರು ಕಾಲದ 1000ಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು, ಕೊಳವೆಗಳೊಳಗೆ ಮದ್ದು ಇನ್ನೂ ಇತ್ತು. ನಿಮಗೆ ಸಿಕ್ಕಿದ್ದೂ ಅಂಥದ್ದೇ ಆಗಿರಬಹುದು, ಹಳೆಯ ನೀರಿನ ಕೊಳವೆಯೂ ಆಗಿರಬಹುದು. ಅದನ್ನು ಹೇಳಬೇಕಾದವರು ತಜ್ಞರು. ಆದಷ್ಟು ಮಟ್ಟಿಗೆ ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ; ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದುಕೊಳ್ಳಿ; ಮೊಬೈಲ್ ನಕ್ಷೆಯಲ್ಲಿ ಆ ಜಾಗದ ಅಕ್ಷಾಂಶ, ರೇಖಾಂಶ ಗುರುತಿಸಿ; ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಿ. ನೆಲದಲ್ಲಿ ಹುದುಗಿ ಸಿಕ್ಕ ಬೆಲೆಯುಳ್ಳ ಹಳೆಯ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯಿದೆಯೇ ಹೇಳುತ್ತದೆ.

ಜಾಗದ ಗುರುತಿಗೆ ಇಷ್ಟೊಂದು ಒತ್ತು ಕೊಡಲು ಕಾರಣವಿದೆ. ಅಮೆರಿಕದ ಮೊಂಟಾನಾದಲ್ಲಿ, 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗ ನಡೆದ ಹುಲ್ಲುಗಾವಲು 1983ರಲ್ಲಿ ಬೆಂಕಿ ಬಿದ್ದು ಬಯಲಾಯಿತು. ಮರುವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಒಂದೊಂದು ತೋಟಾ, ಒಂದೊಂದು ಗುಂಡು ಬಿದ್ದಿದ್ದ ಸ್ಥಳವನ್ನೂ ನಕ್ಷೆಯಲ್ಲಿ ಗುರುತಿಸಿ, ಯಾರು ಎಲ್ಲಿ ನಿಂತು ಯಾವ ಕಡೆಗೆ ಹೊಡೆದರು ಎಂಬುದನ್ನು ಬಹುಮಟ್ಟಿಗೆ ಬಿಡಿಸಿದರು. ಯಾರಾದರೂ ಅವನ್ನು ಮೊದಲೇ ಆರಿಸಿ ಮನೆಗೆ ಒಯ್ದಿದ್ದರೆ ಅವು ಬರಿಯ ಲೋಹದ ಚೂರುಗಳಾಗುತ್ತಿದ್ದವು.

ಪ್ರಶ್ನೆ: ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು ಎಂದು ಮನೆಯಲ್ಲಿ ಹೇಳುತ್ತಾರೆ. ಎಲ್ಲಿ ಹುಡುಕಬೇಕು? – ಬೆಂಗಳೂರಿನ ಓದುಗರು

ಉತ್ತರ: ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಅಲ್ಲಿ ದಳದ ಹೆಸರಿನಿಂದಲೂ ಜಾಲಾಡಬಹುದು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ಹಿಡಿದ ಕುದುರೆಸವಾರರಲ್ಲಿ ಜೋಧಪುರದವರೊಡನೆ ಮೈಸೂರಿನವರೂ ಇದ್ದರು, ಆದ್ದರಿಂದ ಹೈಫಾದ ಭಾರತೀಯ ಸೈನಿಕರ ಸಮಾಧಿಸ್ಥಳದ ಪುಟವನ್ನೂ ನೋಡಿ. ಮೈಸೂರು ಸರ್ಕಾರದ ಹಳೆಯ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಭಾರತ ಸರ್ಕಾರದ ಕಡತಗಳ ಸೂಚಿ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿದೆ. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಆದ್ದರಿಂದ ಮುತ್ತಜ್ಜನ ಹೆಸರನ್ನು ನಾಲ್ಕೈದು ಬಗೆಯ ಕಾಗುಣಿತದಲ್ಲಿ ಹಾಕಿ ನೋಡಿ. ಸಿಗದಿದ್ದರೆ ಹೆಸರು ಬಿಟ್ಟು, ದಳ ಮತ್ತು ವರ್ಷ ಎರಡನ್ನೇ ಇಟ್ಟುಕೊಂಡು ಇಡೀ ಪಟ್ಟಿಯನ್ನು ಓದಿ.